ಬಿಡುವು ಯಾರ ಸೊತ್ತು?

ಬಿಡುವು ಎಂಬುದು ನಮ್ಮ ಭಾಷೆಯ ಹಳೆಯ, ಸರಳವಾದ ಮಾತು. ‘ಬಿಡು’ ಎಂಬ ಧಾತುವಿನಿಂದ ಹುಟ್ಟಿದ ಪದ. ಯಾವುದೋ ಒಂದು ನಮ್ಮನ್ನು ಹಿಡಿದಿತ್ತು, ಅದು ಕೊಂಚ ಹೊತ್ತು ಕೈ ಸಡಿಲಿಸಿತು ಎಂಬ ಭಾವ ಆ ಪದದೊಳಗೇ ಅಡಗಿದೆ. ಹಿಡಿದವರು ಯಾರು, ಬಿಟ್ಟವರು ಯಾರು ಎಂದು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ನಿವೃತ್ತರಾದ ನಮ್ಮಂಥವರಿಗಂತೂ ಆ ಪ್ರಶ್ನೆ ಏಳುವುದೇ ಅಪರೂಪ. ಮೂವತ್ತೈದು ವರ್ಷ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಕುಳಿತವರು ನಾವು. ಇನ್ನು ಉಳಿದ ಕಾಲವೆಲ್ಲ ನಮ್ಮದೇ, ದುಡಿದು ಗಳಿಸಿದ್ದು, ಅದಕ್ಕೆ ಯಾರ ಋಣವೂ ಇಲ್ಲ ಎಂದು ನಂಬಿಕೊಂಡಿರುತ್ತೇವೆ. ಆ ನಂಬಿಕೆ ಎಷ್ಟು ಸರಿ ಎಂಬುದೇ ಈ ಲೇಖನದ ವಿಚಾರ.

ವಿಚಾರಕ್ಕೆ ಎಡೆಮಾಡಿಕೊಟ್ಟದ್ದು ಒಂದು ಚಳಿಗಾಲದ ಪ್ರವಾಸ. ಮೈಸೂರಿನಲ್ಲಿ ಒಟ್ಟಿಗೆ ಓದಿದ ನಾಲ್ವರು ಗೆಳೆಯರು ನಾವು. ಒಬ್ಬರು ವಿಜ್ಞಾನದ ಉಪಾಧ್ಯಾಯರಾಗಿದ್ದವರು, ಒಬ್ಬರು ಅಂಚೆ ಇಲಾಖೆಯಿಂದ ನಿವೃತ್ತರಾದವರು, ಇನ್ನೊಬ್ಬರು ಊರಿನಲ್ಲಿ ದಿನಸಿ ಅಂಗಡಿ ನಡೆಸಿ ಈಗ ಅದನ್ನು ಮಗನಿಗೆ ವಹಿಸಿದವರು. ನಾಲ್ವರೂ ಎಪ್ಪತ್ತು ದಾಟಿದವರೇ. ಅಂಗಡಿಯ ಮಿತ್ರರ ಅಳಿಯ ಒಂದು ಟೆಂಪೋ ಟ್ರಾವೆಲರ್ ವಾಹನವನ್ನು ಮನೆಯಂತೆ ಮಾರ್ಪಡಿಸಿ ಬಾಡಿಗೆಗೆ ಬಿಡುತ್ತಾರೆ. ನಾಲ್ಕು ಮಲಗುವ ಹಲಗೆ, ಗ್ಯಾಸ್ ಒಲೆ, ನೀರಿನ ತೊಟ್ಟಿ, ಮಡಚುವ ಮೇಜು, ಮೊಬೈಲಿಗೆ ಚಾರ್ಜು ಮಾಡುವ ವ್ಯವಸ್ಥೆ ಎಲ್ಲವೂ ಅದರಲ್ಲಿವೆ. ಇಂಥ ವಾಹನಗಳಿಗೆ ಈಚೆಗೆ ಬೇಡಿಕೆ ಹೆಚ್ಚಿದೆ. 2021ರಲ್ಲಿ ಕೇರಳ ಸರ್ಕಾರ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ನಮ್ಮ ಹಿರಿಯರು ವಾನಪ್ರಸ್ಥವೆಂದು ಹೇಳಿದ್ದನ್ನು ನಾವು ಚಕ್ರದ ಮೇಲೆ ಹೇರಿಕೊಂಡು ಹೊರಟೆವು ಎಂದು ವಿಜ್ಞಾನದ ಮಿತ್ರರು ನಗೆಯಾಡಿದರು. ಹಿಂದಿನವರು ಮನೆಯನ್ನು ಬಿಟ್ಟು ಕಾಡಿಗೆ ಹೋದರು; ನಾವು ಮನೆಯನ್ನೂ ಜೊತೆಗೆ ಕರೆದೊಯ್ದೆವು.

ಹೆಗ್ಗಡದೇವನಕೋಟೆ, ಅಂತರಸಂತೆ, ಬಾವಲಿಗಳ ದಾರಿಯಾಗಿ ನಾಗರಹೊಳೆಯ ಕಾಡನ್ನು ಹಗಲಲ್ಲೇ ದಾಟಿ ಮಾನಂದವಾಡಿ ಸೇರಿದೆವು. ಅವಸರವಿರಲಿಲ್ಲ. ಇಷ್ಟು ಹೊತ್ತಿಗೆ ಇಷ್ಟು ದೂರ ಎಂಬ ಲೆಕ್ಕವಿಲ್ಲದೆ ಸಾಗುವುದೇ ನಮ್ಮ ಏಕೈಕ ನಿಯಮವಾಗಿತ್ತು. ಮರುದಿನ ತರಿಯೋಡು ಬಳಿಯ ಕರ್ಲಾಡ್ ಕೆರೆಗೆ ಹೋದೆವು. ಅಲ್ಲಿ ಪ್ರವಾಸಿಗಳಿಗಾಗಿ ಕಯಾಕ್ ಎಂಬ ಕಿರುದೋಣಿಗಳಿವೆ. ತೇಲುವ ಅಂಗಿ ತೊಡಿಸಿಕೊಂಡು, ಎರಡು ಕಡೆಯೂ ಅಲಗುಳ್ಳ ಹುಟ್ಟು ಹಿಡಿದು, ನಾವೂ ಒಂದು ಸುತ್ತು ಹಾಕಿದೆವು. ಮೊದಲ ಹತ್ತು ನಿಮಿಷ ದೋಣಿ ತನಗೆ ಬೇಕಾದ ಕಡೆಗೆ ಹೋಯಿತು; ಆಮೇಲೆ ನಮ್ಮ ಮಾತನ್ನು ಸ್ವಲ್ಪ ಕೇಳಿತು. ಆ ಮಧ್ಯಾಹ್ನದ ಸಂತೋಷವನ್ನು ಈಗಲೂ ನಾವು ಅಲ್ಲಗಳೆಯುವುದಿಲ್ಲ. ನೀರಿನ ಮಟ್ಟದಲ್ಲೇ ಕುಳಿತು ಬೆಟ್ಟವನ್ನು ನೋಡುವುದು ಬೇರೆಯದೇ ಅನುಭವ.

ಕಯಾಕ್ ಎಂಬ ಪದವನ್ನು ಕನ್ನಡದ ಕಿವಿ ಕೇಳಿದಾಗ ‘ಕಾಯಕ’ ನೆನಪಾಗದೆ ಇರದು. ಎರಡಕ್ಕೂ ಯಾವ ಸಂಬಂಧವೂ ಇಲ್ಲ; ಒಂದು ಉತ್ತರಧ್ರುವದ ಹಿಮಪ್ರದೇಶದ ಜನರ ಮಾತು, ಇನ್ನೊಂದು ನಮ್ಮ ಶರಣರದು. ಆದರೂ ಆ ಹೋಲಿಕೆ ನಮ್ಮನ್ನು ಒಂದು ಯೋಚನೆಗೆ ಹಚ್ಚಿತು. ಹಿಮಪ್ರದೇಶದ ಇನ್ಯೂಟ್ ಜನರಿಗೆ ಆ ದೋಣಿ ಆಟದ ವಸ್ತುವಾಗಿರಲಿಲ್ಲ. ಕಡಲು ತೇಲಿಸಿ ತಂದ ಮರದ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಅದನ್ನು ಕಟ್ಟುತ್ತಿದ್ದರು. ಕೊರೆಯುವ ಕಡಲಿನಲ್ಲಿ ಬೇಟೆಯಾಡಿ ಮನೆಯವರ ಹೊಟ್ಟೆ ಹೊರೆಯಲು ಅದೇ ಸಾಧನ. ಮಗುಚಿದರೆ ಸಾವು. ಒಬ್ಬರ ಕಾಯಕವಾಗಿದ್ದುದು ಇನ್ನೊಬ್ಬರ ಬಿಡುವಿನ ವಿನೋದವಾಗುವ ಈ ಪರಿವರ್ತನೆ ಲೋಕದಲ್ಲಿ ಹೊಸತೇನಲ್ಲ. ಬೇಟೆ, ಮೀನು ಹಿಡಿಯುವುದು, ಕುದುರೆ ಸವಾರಿ, ತೋಟಗಾರಿಕೆ ಎಲ್ಲವೂ ಹಾಗೆಯೇ ದಾಟಿ ಬಂದಿವೆ. ಅಂದು ಇದನ್ನು ಒಂದು ಸ್ವಾರಸ್ಯವೆಂದು ಮಾತ್ರ ಮಾತಾಡಿಕೊಂಡೆವು. ಅದರ ಇನ್ನೊಂದು ಮುಖ ಮುಳ್ಳನ್ಕೊಲ್ಲಿಯಲ್ಲಿ ಕಾಣಿಸಿತು.

ಮುಳ್ಳನ್ಕೊಲ್ಲಿ ವಯನಾಡು ಜಿಲ್ಲೆಯ ಈಶಾನ್ಯದ ಅಂಚಿನಲ್ಲಿರುವ ಪಂಚಾಯತಿ. ಪುಲ್ಪಳ್ಳಿಯಿಂದ ಅನತಿ ದೂರ. ಕೊಡಗಿನ ಕಾಡುಗಳಲ್ಲಿ ಸಣ್ಣ ಹಳ್ಳಕ್ಕೆ ಕೊಲ್ಲಿ ಎನ್ನುವುದನ್ನು ಬಲ್ಲ ಕನ್ನಡಿಗರಿಗೆ ಈ ಹೆಸರು ಪರಕೀಯವೆನಿಸುವುದಿಲ್ಲ. ಇದರ ಅಂಚಿನಲ್ಲೇ ಕಬಿನಿ ಹರಿಯುತ್ತದೆ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಮೂರೇ. ಅವುಗಳಲ್ಲಿ ಕಬಿನಿ ಒಂದು. ಪೆರಿಕ್ಕಲ್ಲೂರು, ಮರಕ್ಕಡವುಗಳ ಕಡವಿನಲ್ಲಿ ನಿಂತು ನೋಡಿದರೆ ಎದುರು ದಡ ಕರ್ನಾಟಕ; ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ಒಂದು ಕಾಲಕ್ಕೆ ಈ ಹೊಳೆ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತ್ಯದ ಮಲಬಾರಿಗೂ ಎಲ್ಲೆಯಾಗಿತ್ತು. 1956ರ ನವೆಂಬರ್ 1ರಿಂದ ಎರಡು ರಾಜ್ಯಗಳಿಗೆ ಎಲ್ಲೆಯಾಗಿದೆ. ನಕ್ಷೆಯಲ್ಲಿ ಎಲ್ಲೆ, ಜನರಿಗೆ ದಾರಿ. ನಾವು ಹೋದಾಗ ಅಲ್ಲಿ ಸೇತುವೆಯಿರಲಿಲ್ಲ. ಸೇತುವೆಯ ಮಾತು ದಶಕಗಳಿಂದ ನಡೆದಿದೆ. ದಾಟುವುದು ಮಾತ್ರ ದೋಣಿಯಲ್ಲೇ.

ನಮ್ಮ ವಾಹನ ನಿಂತದ್ದು ಪರಿಚಯದ ರೈತರೊಬ್ಬರ ಮನೆಯಂಗಳದಲ್ಲಿ. ಅವರು ಕರ್ನಾಟಕದ ಕಡೆ ಭೂಮಿ ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವವರು. ಆ ವ್ಯವಹಾರದಿಂದಲೇ ನಮಗೆ ಪರಿಚಿತರು. ತಿರುವಾಂಕೂರಿನಿಂದ ಬಂದು ಕಾಡು ಕಡಿದು ನೆಲೆಸಿದ ತಲೆಮಾರಿನ ಮೊಮ್ಮಗ. ಪುಲ್ಪಳ್ಳಿ ಮುಳ್ಳನ್ಕೊಲ್ಲಿಗಳು ಒಂದು ಕಾಲಕ್ಕೆ ಕರಿಮೆಣಸಿನ ಸಿರಿಯ ನಾಡು. ಸೊರಗು ರೋಗ ಬಂದು ಬಳ್ಳಿಗಳು ಒಣಗಿ, ಬೆಲೆಯೂ ಕುಸಿದಾಗ ಈ ಸೀಮೆಯ ರೈತರು ಪಟ್ಟ ಪಾಡನ್ನು ಅವರು ನಮಗೆ ಹೇಳಿದ್ದು ಒಂದೆರಡು ವಾಕ್ಯಗಳಲ್ಲಿ. ಹೆಚ್ಚು ಹೇಳಲು ಅವರಿಗೆ ಹೊತ್ತಿರಲಿಲ್ಲ. ಅದು ಕಾಫಿ ಕುಯ್ಲಿನ ಕಾಲ. ಅಂಗಳದ ತುಂಬ ರೊಬಸ್ಟ ಹಣ್ಣು ಹರಡಿತ್ತು. ಮನೆಯಾಕೆ ಗಂಟೆಗೊಮ್ಮೆ ಬಂದು ಕಾಲಿನಿಂದ ಅದನ್ನು ಕೆದಕಿ ಹೋಗುತ್ತಿದ್ದರು. ರಾತ್ರಿ ಗದ್ದೆಯ ಕಡೆ ಆನೆ ಇಳಿಯದಂತೆ ಅಟ್ಟಣೆಯ ಮೇಲೆ ಕಾವಲಿರುತ್ತಿದ್ದರು. ನಮಗೆ ತಂಪಾದ, ಹಿತವಾದ ಚಳಿಗಾಲ. ಅವರಿಗೆ ವರ್ಷದ ಅತಿ ಬಿಡುವಿಲ್ಲದ ತಿಂಗಳು. ಮಡಚುವ ಕುರ್ಚಿ ಹಾಕಿ ಕುಳಿತ ನಾವು, ಅವರು ಕೆಲಸಕ್ಕೆ ಹೋಗುವಾಗಲೂ ಅಲ್ಲೇ ಇದ್ದೆವು. ಬರುವಾಗಲೂ ಅಲ್ಲೇ ಇದ್ದೆವು.

ನಾಲ್ಕನೆಯ ದಿನ ಕಡವಿಗೆ ಹೋಗಿ, ಒಂದು ದೋಣಿಯನ್ನು ಒಂದು ಗಂಟೆಯ ಕಾಲ ನಮಗಾಗಿಯೇ ಗೊತ್ತುಮಾಡಿಕೊಂಡೆವು. ದಾಟುವುದಕ್ಕಲ್ಲ, ಸುಮ್ಮನೆ ಹೊಳೆಯ ಮೇಲೆ ಇರುವುದಕ್ಕೆ. ಅಂಬಿಗನಿಗೆ ಅರವತ್ತರ ಆಸುಪಾಸು. ಮಲೆಯಾಳ ಬೆರೆತ ಕನ್ನಡ. ಹೊಳೆಯ ನಡುವೆ ಹುಟ್ಟು ಎತ್ತಿಡಿಸಿ ದೋಣಿಯನ್ನು ತೇಲಬಿಟ್ಟು ಕುಳಿತಿದ್ದೆವು. ಆಗ ಬೈರಕುಪ್ಪೆಯ ದಡದಿಂದ ಒಂದು ಹೆಂಗಸಿನ ಕೂಗು ಕೇಳಿಸಿತು. ಕಂಕುಳಲ್ಲಿ ಮಗು. ಅಂಬಿಗ ನಮ್ಮನ್ನು ಒಂದು ಮಾತು ಕೇಳದೆ ದೋಣಿಯನ್ನು ಆ ಕಡೆಗೆ ತಿರುಗಿಸಿದ.

“ಅಲ್ಲಪ್ಪಾ, ಗಂಟೆ ಇನ್ನೂ ಆಗಿಲ್ಲವಲ್ಲ” ಎಂದರು ನಮ್ಮಲ್ಲೊಬ್ಬರು.

“ಮಗುವಿಗೆ ಜ್ವರ ಇರಬೇಕು ಸಾರ್. ಆಸ್ಪತ್ರೆ ಈಚೆ ದಡದಲ್ಲಿ ಅಲ್ಲವಾ. ನಿಮಗೆ ಮತ್ತೆ ತಿರುಗಿಸುತ್ತೇನೆ. ಹೊಳೆ ಎಲ್ಲಿಗೂ ಹೋಗುವುದಿಲ್ಲ.”

ಆಕೆ ಹತ್ತಿದಳು. ಮಗು ಕೆಂಪಗೆ ಕಾದಿತ್ತು. ನಾಲ್ವರು ವೃದ್ಧರು ದೋಣಿಯಲ್ಲಿ ಏಕೆ ಸುಮ್ಮನೆ ಕುಳಿತಿದ್ದಾರೆ ಎಂದು ಆಕೆಗೆ ಅರ್ಥವಾದಂತೆ ಕಾಣಲಿಲ್ಲ. “ನೀವೂ ಆಸ್ಪತ್ರೆಗಾ ತಾತ?” ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಪೆರಿಕ್ಕಲ್ಲೂರಿನ ದಡದಲ್ಲಿ ಆಕೆಯನ್ನು ಇಳಿಸಿದ ಮೇಲೆ ಅಂಬಿಗ ನಮ್ಮನ್ನು ಮತ್ತೆ ಹೊಳೆಯ ನಡುವಿಗೆ ಒಯ್ದ. ಕೊಟ್ಟ ಮಾತಿಗೆ ತಪ್ಪಲಿಲ್ಲ. ಆದರೆ ಮೊದಲಿನ ಸುಖ ಮತ್ತೆ ಕೂಡಲಿಲ್ಲ.

ಮರುದಿನ ಬೆಳಗ್ಗೆ ದಟ್ಟವಾದ ಮಂಜು. ಎದುರು ದಡ ಕಾಣದು. ನಾವು ಏಳು ಗಂಟೆಗೇ ಕಡವಿಗೆ ಹೋಗಿದ್ದೆವು. ಬೈರಕುಪ್ಪೆಯ ಕಡೆ ಹೋಗಿಬರುವ ಮನಸ್ಸಿತ್ತು. ದೋಣಿ ಹೊರಡುವಂತಿರಲಿಲ್ಲ. ಕೂಲಿಗೆ ಹೋಗುವವರು, ಪುಸ್ತಕದ ಚೀಲ ಹೊತ್ತ ಮಕ್ಕಳು ಕಾದು ನಿಂತಿದ್ದರು. ನಮಗೆ ಆ ಮಂಜು ಒಂದು ದೃಶ್ಯ. ಅಂಚೆಯ ಮಿತ್ರರು ಅದರ ಚಿತ್ರ ತೆಗೆಯುತ್ತಿದ್ದರು. ಒಬ್ಬ ಹುಡುಗ ಮಾತ್ರ ಪದೇ ಪದೇ ದಡದ ಅಂಚಿಗೆ ಹೋಗಿ ನೋಡಿ ಬರುತ್ತಿದ್ದ. ಅವನ ಮುಖದ ಆತಂಕವನ್ನು ಎಲ್ಲೋ ಕಂಡಂತಾಯಿತು. ಎಲ್ಲಿ ಎಂಬುದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

1978ರ ಮಾತು. ಆಗಿನ್ನೂ ವಯನಾಡು ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, ಅದಾದದ್ದು 1980ರಲ್ಲಿ. ಆ ವರ್ಷ ಮೈಸೂರು ಜಿಲ್ಲೆಯ ಅಂಚಿನ ಶಾಲೆಯೊಂದರ ಪ್ರಭಾರ ಮುಖ್ಯೋಪಾಧ್ಯಾಯರಾಗಿ ನಾವು ಹೋಗಿದ್ದೆವು. ವಯಸ್ಸು ಮೂವತ್ತು ತುಂಬಿರಲಿಲ್ಲ. ಶಿಸ್ತಿನಲ್ಲಿ ಅಪಾರ ನಂಬಿಕೆ. ಎದುರು ದಡದ ಮೆಣಸಿನ ತೋಟದಲ್ಲಿ ದುಡಿಯುತ್ತಿದ್ದ ಕನ್ನಡದ ಕುಟುಂಬವೊಂದರ ಹುಡುಗ ದೋಣಿ ದಾಟಿ ನಮ್ಮ ಶಾಲೆಗೆ ಬರುತ್ತಿದ್ದ. ಐದನೆಯ ತರಗತಿ. ಪುಷ್ಯಮಾಸದ ಮಂಜಿನ ದಿನಗಳಲ್ಲಿ ಮೂರು ದಿನ ಸತತವಾಗಿ ಪ್ರಾರ್ಥನೆ ಮುಗಿದ ಮೇಲೆ ಬಂದ. ಮೂರನೆಯ ದಿನ ನಾವು ಅವನನ್ನು ಗೇಟಿನ ಹೊರಗೆ ನಿಲ್ಲಿಸಿದೆವು; ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ಒಳಗೆ ಬಿಡಲಿಲ್ಲ. “ದೋಣಿ ಬರಲಿಲ್ಲ ಸಾರ್” ಎಂದ. “ದೋಣಿ ಬರುವುದಿಲ್ಲವೆಂದು ಗೊತ್ತಿದ್ದ ಮೇಲೆ ಇನ್ನೂ ಮುಂಚೆ ಹೊರಡಬೇಕಿತ್ತು” ಎಂದೆವು. ಆ ಮಾತಿನಲ್ಲಿ ಅರ್ಥವಿಲ್ಲವೆಂಬುದು ಹತ್ತು ವರ್ಷದ ಮಗುವಿಗೆ ತಿಳಿದಿತ್ತು, ಬಿ.ಎ., ಬಿ.ಎಡ್. ಓದಿದ ನಮಗೆ ತಿಳಿಯಲಿಲ್ಲ. ಮುಂಚೆ ಹೊರಟರೆ ಮಂಜು ಮುಂಚೆ ಕರಗುತ್ತದೆಯೇ? ಮಾರನೆಯ ದಿನದಿಂದ ಅವನು ಬರಲಿಲ್ಲ. ತಿಂಗಳ ಕೊನೆಗೆ ಹಾಜರಿ ಪುಸ್ತಕದಿಂದ ಹೆಸರು ತೆಗೆದೆವು. ಎದುರು ದಡಕ್ಕೆ ಹೋಗಿ ವಿಚಾರಿಸಲು ನಮಗೆ ಬಿಡುವಾಗಲಿಲ್ಲ.

‘ನಾವು’ ಎಂದು ಬರೆಯುವುದು ಗದ್ಯದ ಒಂದು ರೂಢಿ. ಅದರಲ್ಲಿ ವಿನಯವೂ ಇದೆ, ಅಡಗಿಕೊಳ್ಳಲು ಸ್ವಲ್ಪ ಜಾಗವೂ ಇದೆ. ಆ ಬೆಳಗಿನ ತಪ್ಪಿಗೆ ಮಾತ್ರ ಪಾಲುದಾರರು ಯಾರೂ ಇರಲಿಲ್ಲ.

ಈಗ ಪ್ರಶ್ನೆ ಇದು. ದೋಣಿ ತಡವಾಯಿತು ಎಂಬುದು ಎರಡೂ ಸಲ ಒಂದೇ ಸಂಗತಿ. ಒಂದು ಸಲ ಅದು ಹುಡುಗನ ಅಪರಾಧವಾಯಿತು. ಇನ್ನೊಂದು ಸಲ ನಮ್ಮ ವಿಲಾಸವಾಯಿತು. ವ್ಯತ್ಯಾಸ ಎಲ್ಲಿಂದ ಬಂತು? ಹೊಳೆಯಿಂದಲ್ಲ, ಮಂಜಿನಿಂದಲ್ಲ. ಯಾರ ಕಾಲದ ಮೇಲೆ ಯಾರಿಗೆ ಅಧಿಕಾರವಿದೆ ಎಂಬುದರಿಂದ ಬಂತು. ತನ್ನ ಕಾಲದ ಒಡೆತನ ತನ್ನಲ್ಲೇ ಇರುವವನಿಗೆ ಕಾಯುವುದು ಬಿಡುವು. ಆ ಒಡೆತನ ಇನ್ನೊಬ್ಬರ ಕೈಯಲ್ಲಿರುವವನಿಗೆ ಅದೇ ಕಾಯುವಿಕೆ ಶಿಕ್ಷೆ.

ಶಾಲೆಯಲ್ಲಿ ಜೀವಮಾನ ಕಳೆದ ನಮಗೆ ಇದರಲ್ಲಿ ಇನ್ನೊಂದು ವಿಷಾದದ ಎಳೆ ಕಾಣುತ್ತದೆ. ಸ್ಕೂಲ್ ಎಂಬ ಇಂಗ್ಲಿಷ್ ಪದದ ಮೂಲ ಗ್ರೀಕ್ ಭಾಷೆಯ ‘ಸ್ಕೊಲೆ’. ಅದರ ಅರ್ಥವೇ ಬಿಡುವು. ಹೊಟ್ಟೆಪಾಡಿನ ಒತ್ತಡದಿಂದ ಬಿಡಿಸಿಕೊಂಡ ಕಾಲದಲ್ಲಿ ಮಾತ್ರ ಮನುಷ್ಯ ತಿಳಿವಿನ ಕಡೆಗೆ ತಿರುಗಬಲ್ಲ ಎಂಬುದು ಅವರ ಭಾವನೆ. ನಾವು ದುಡಿಯುವುದೇ ಬಿಡುವಿಗಾಗಿ ಎಂಬುದು ಅರಿಸ್ಟಾಟಲನ ವಿಚಾರ. ಮಗುವಿಗೆ ತೋಟದ ಕೂಲಿಯಿಂದ ಒಂದಿಷ್ಟು ಬಿಡುವು ಕೊಡಬೇಕಾದ ಮನೆಯೇ ಶಾಲೆ. ಆ ಮನೆಯ ಬಾಗಿಲನ್ನು ನಾವು ಗಡಿಯಾರ ನೋಡಿ ಮುಚ್ಚಿದೆವು.

ಆದರೆ ಅರಿಸ್ಟಾಟಲನ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಒಪ್ಪುವಂತಿಲ್ಲ. ಅವನು ಹೊಗಳಿದ ಬಿಡುವು ಅಥೆನ್ಸಿನ ಗುಲಾಮರ ಬೆನ್ನಿನ ಮೇಲೆ ನಿಂತಿತ್ತು. ಗುಲಾಮನನ್ನು ಅವನು ಜೀವವುಳ್ಳ ಉಪಕರಣವೆಂದು ಕರೆದ. ಮಗ್ಗದ ಲಾಳಿಗಳು ತಾವಾಗಿಯೇ ನೇಯುವಂತಾದರೆ ಒಡೆಯರಿಗೆ ಆಳುಗಳು ಬೇಕಾಗುವುದಿಲ್ಲ ಎಂದೂ ಅವನೇ ಹೇಳಿದ. ಅಂದರೆ ಒಬ್ಬನ ಬಿಡುವಿಗೆ ಇನ್ನೊಬ್ಬನ ಬಿಡುವಿಲ್ಲದ ಬದುಕೇ ಬೆಲೆ ಎಂಬುದು ಅವನಿಗೆ ತಿಳಿದಿತ್ತು. ತಿಳಿದೂ ಅದನ್ನು ಸಹಜವೆಂದು ಭಾವಿಸಿದ. ದೂರದ ಗ್ರೀಸಿಗೆ ಹೋಗಿ ಬೆರಳು ತೋರುವ ಅಗತ್ಯವೂ ಇಲ್ಲ. ಮಾನಂದವಾಡಿಯ ಬಳಿಯ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಪಣಿಯ, ಅಡಿಯ ಸಮುದಾಯಗಳ ಜನರನ್ನು ಜಮೀನುದಾರರು ವರ್ಷದ ಮಟ್ಟಿಗೆ ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದ ಸಂಗತಿ ಈ ನಾಡಿನ ಇತಿಹಾಸದಲ್ಲಿ ಸೇರಿಹೋಗಿದೆ. ದೇವರ ಮುಂದೆ ಕೊಟ್ಟ ಮಾತು, ಮೀರುವಂತಿಲ್ಲ. ಒಬ್ಬ ಮನುಷ್ಯನ ಒಂದು ವರ್ಷದ ಹಗಲುರಾತ್ರಿಗಳು ಒಂದು ಜಾತ್ರೆಯ ದಿನ ಕೈಬದಲಾಗುತ್ತಿದ್ದವು. ಜೀತ ಪದ್ಧತಿಯನ್ನು ದೇಶದಾದ್ಯಂತ ಕಾನೂನು ನಿಷೇಧಿಸಿದ್ದು 1976ರಲ್ಲಿ. ನಾವು ನೌಕರಿಗೆ ಸೇರಿದ ಮೇಲೆ!

ಇಲ್ಲಿ ನಮ್ಮ ವಿಜ್ಞಾನದ ಮಿತ್ರರು ಒಂದು ಆಕ್ಷೇಪವನ್ನು ಎತ್ತಿದರು. ಅದು ತಳ್ಳಿಹಾಕುವಂಥದ್ದಲ್ಲ. “ನಾವು ನಾಲ್ಕು ದಶಕ ದುಡಿದಿದ್ದೇವೆ. ಪಿಂಚಣಿ ಯಾರ ಭಿಕ್ಷೆಯೂ ಅಲ್ಲ. ನಾವು ಕೊಟ್ಟ ಬಾಡಿಗೆಯಿಂದ ಅಂಬಿಗನ ಮನೆಯಲ್ಲಿ ಒಲೆ ಉರಿಯಿತು. ನೀನು ಪಶ್ಚಾತ್ತಾಪ ಪಟ್ಟು ಮನೆಯಲ್ಲೇ ಕುಳಿತಿದ್ದರೆ ಅವನಿಗೆ ಏನು ಲಾಭವಾಗುತ್ತಿತ್ತಯ್ಯಾ?” ಎಂದರು.

ಈ ವಾದದಲ್ಲಿ ಎರಡು ಮಾತಿವೆ. ಬಿಡುವು ದುಡಿಮೆಯ ಪ್ರತಿಫಲ ಎಂಬುದು ಒಂದು. ಹಣ ಕೊಟ್ಟಲ್ಲಿಗೆ ಋಣ ತೀರಿತು ಎಂಬುದು ಇನ್ನೊಂದು. ಮೊದಲನೆಯದನ್ನು ಪರಿಶೀಲಿಸೋಣ. ದುಡಿಮೆಯೇ ಬಿಡುವಿನ ಅರ್ಹತೆಯಾದರೆ, ಆ ಅಂಬಿಗ ನಮಗಿಂತ ಕಡಿಮೆ ದುಡಿದವನೇ? ಹುಟ್ಟು ಹಾಕಿ ಅವನ ಅಂಗೈ ಚರ್ಮ ಮರದಂತಾಗಿತ್ತು. ಅವನಿಗೆ ನಿವೃತ್ತಿಯ ದಿನಾಂಕವಿಲ್ಲ. ಕೈ ಸೋತ ದಿನವೇ ನಿವೃತ್ತಿ. ಆದುದರಿಂದ ನಮ್ಮ ಬಿಡುವು ಬರಿಯ ದುಡಿಮೆಯಿಂದ ಬಂದದ್ದಲ್ಲ. ಓದು, ನೌಕರಿ, ಸರ್ಕಾರದ ನಿಯಮ, ಹುಟ್ಟಿದ ಮನೆ ಇವೆಲ್ಲ ಕೂಡಿ ಬಂದದ್ದು. ಗಳಿಕೆಯೊಂದಿಗೆ ಅದೃಷ್ಟವೂ ಬೆರೆತಿದೆ. ಗಳಿಸಿದ್ದಕ್ಕೆ ಹೆಮ್ಮೆಪಡಬಹುದು, ಅದೃಷ್ಟಕ್ಕೆ ಹೆಮ್ಮೆಪಡುವುದು ಹೇಗೆ?

ಎರಡನೆಯ ಮಾತು ಅರ್ಧ ನಿಜ. ಹಣ ಅವನಿಗೆ ಬೇಕಿತ್ತು, ನಾವು ಕೊಟ್ಟೆವು. ಆದರೆ ಹಣದಿಂದ ನಾವು ಕೊಂಡದ್ದು ಅವನ ಶ್ರಮವನ್ನು ಮಾತ್ರವೇ? ಆ ಒಂದು ಗಂಟೆ ದೋಣಿಯನ್ನು ಬೇರೆಯವರಿಗೆ ಇಲ್ಲದಂತೆ ಮಾಡುವ ಹಕ್ಕನ್ನೂ ಕೊಂಡೆವು ಎಂದು ತಿಳಿದಿದ್ದೆವು. ಅಂಬಿಗ ಅದನ್ನು ಮಾರಿರಲಿಲ್ಲ. ದೋಣಿ ಬಾಡಿಗೆಗಿದ್ದರೂ ಕಡವು ಬಾಡಿಗೆಗಿಲ್ಲ ಎಂಬ ಧರ್ಮ ಅವನಿಗೆ ಸಹಜವಾಗಿ ತಿಳಿದಿತ್ತು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರೂ ಇದೇ ಕಾಯಕದವರು. ಹುಟ್ಟು ಹಾಕುವವನ ನಿಷ್ಠುರದಲ್ಲಿ ಇರುವ ನೀತಿ ನಮ್ಮ ನಾಡಿಗೆ ಹೊಸದಲ್ಲ. ಕಾಯಕವೆಂದರೆ ಎಡೆಬಿಡದೆ ದುಡಿಯುವುದೆಂದು ಮಾತ್ರ ನಾವು ಮಕ್ಕಳಿಗೆ ಕಲಿಸಿದೆವು. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಕೊಟ್ಟುಬರಲು ಹೇಳಿದ ಪ್ರಸಂಗವನ್ನೂ ಹೇಳಿದೆವು. ಆದರೆ ಅದರ ಒಳ ಅರ್ಥವನ್ನು ಬಿಡಿಸಿ ಹೇಳಲಿಲ್ಲ. ಕಾಯಕಕ್ಕೂ ಒಂದು ಮಿತಿಯಿದೆ. ನಮ್ಮ ಪಾಲಿಗಿಂತ ಹೆಚ್ಚಿನದು ಇನ್ನೊಬ್ಬರದು. ಅಕ್ಕಿಗೆ ಸಲ್ಲುವ ಈ ನ್ಯಾಯ ಕಾಲಕ್ಕೂ ಸಲ್ಲುತ್ತದೆ.

ಹಾಗಾದರೆ ಬಿಡುವನ್ನು ಅನುಭವಿಸುವುದೇ ತಪ್ಪೇ? ಹಾಗೆಂದು ನಾವು ಹೇಳಲಾರೆವು. ದುಡಿಮೆಯನ್ನೇ ಸದ್ಗುಣವೆಂದು ಸಾರುವವರು ಅನೇಕ ವೇಳೆ ಇನ್ನೊಬ್ಬರು ದುಡಿಯಲಿ ಎಂದು ಬಯಸುವವರೇ. ಬರ್ಟ್ರಂಡ್ ರಸೆಲ್ 1932ರಲ್ಲಿ ಸೋಮಾರಿತನವನ್ನು ಹೊಗಳಿ ಒಂದು ಪ್ರಬಂಧ ಬರೆದರು. ದಿನಕ್ಕೆ ನಾಲ್ಕು ಗಂಟೆಯ ಕೆಲಸ ಎಲ್ಲರಿಗೂ ಹಂಚಿಹೋದರೆ ಸಾಕು, ಉಳಿದ ಕಾಲ ಪ್ರತಿಯೊಬ್ಬನಿಗೂ ಸೇರಬೇಕು ಎಂಬುದು ಅವರ ಸೂಚನೆ. ಆ ಪ್ರಬಂಧದ ತಿರುಳು ಸೋಮಾರಿತನವಲ್ಲ, ಹಂಚಿಕೆ. ಬಿಡುವು ಕೆಟ್ಟದ್ದಲ್ಲ, ಅದು ಕೆಲವರಲ್ಲೇ ಗುಡ್ಡೆಬಿದ್ದಿರುವುದು ಕೆಟ್ಟದ್ದು. ನಾವು ಬಿಡುವನ್ನು ತೊರೆದರೆ ಅದು ತಾನಾಗಿ ಅಂಬಿಗನ ಮನೆಗೆ ಹೋಗಿ ಸೇರುವುದಿಲ್ಲ ಎಂಬ ಮಿತ್ರರ ಮಾತೂ ಸರಿಯೇ. ಆದುದರಿಂದ ಬೇಕಾದದ್ದು ಪ್ರಾಯಶ್ಚಿತ್ತದ ಉಪವಾಸವಲ್ಲ, ಒಂದು ಅಳತೆಗೋಲು. ನಮಗೆ ಹೊಳೆದದ್ದು ಇಷ್ಟು: ನಮ್ಮ ಬಿಡುವಿಗಾಗಿ ಇನ್ನೊಬ್ಬರು ಕಾಯುವಂತಾಗಬಾರದು, ಇನ್ನೊಬ್ಬರ ಅಗತ್ಯಕ್ಕಾಗಿ ಕಾಯುವುದು ನಮಗೆ ಭಾರವಾಗಬಾರದು. ಕಾಯಲು ಸಮಯವಿರುವವನೇ ಮೊದಲು ಕಾಯಬೇಕು. ನಿವೃತ್ತರ ಬಳಿ ಬೇರೇನು ಇಲ್ಲದಿದ್ದರೂ ಸಮಯವಿದೆ.

ಈ ಅಳತೆಗೋಲಿನಿಂದ ಸೇತುವೆಯ ಪ್ರಶ್ನೆಯನ್ನೂ ನೋಡಬಹುದು. ಸೇತುವೆ ಬರಬಾರದು, ಈ ದೋಣಿ, ಈ ಮೌನ ಹೀಗೆಯೇ ಉಳಿಯಬೇಕು ಎಂದು ನಮ್ಮಲ್ಲಿ ಇಬ್ಬರು ಮೊದಲ ದಿನ ಆಸೆಪಟ್ಟರು. ಜ್ವರದ ಮಗು ದೋಣಿ ಹತ್ತಿದ ಮೇಲೆ ಆ ಮಾತನ್ನು ಮತ್ತೆ ಆಡಲಿಲ್ಲ. ವರ್ಷಕ್ಕೊಮ್ಮೆ ಬರುವವನ ಕಣ್ಣಿನ ಸುಖಕ್ಕಾಗಿ ದಿನಾಲೂ ದಾಟುವವನು ಮಂಜಿನಲ್ಲಿ ಕಾಯಬೇಕೆನ್ನುವುದು ಅನ್ಯಾಯ. ಆದರೆ ಎದುರು ದಡದ ಆಚೆಗೆ ನಾಗರಹೊಳೆಯ ಕಾಡಿದೆ. ಬೇಸಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ಆನೆಗಳ ಹಿಂಡು ಆ ಹಸಿರಿಗೆ ಬಂದು ನೆರೆಯುತ್ತವೆ. ಸೇತುವೆಯ ಬೆನ್ನಿಗೆ ರಸ್ತೆ, ರಸ್ತೆಯ ಬೆನ್ನಿಗೆ ವಾಹನ, ಅವುಗಳಲ್ಲಿ ನಮ್ಮಂಥ ಪ್ರವಾಸಿಗಳು. ಮನುಷ್ಯನಿಗೂ ಕಾಡಿಗೂ ನಡುವಿನ ತಿಕ್ಕಾಟ ಇಲ್ಲಿ ಪುಸ್ತಕದ ವಿಷಯವಲ್ಲ. 2024ರ ಫೆಬ್ರವರಿಯಲ್ಲಿ ಪುಲ್ಪಳ್ಳಿಯ ಬಳಿ ಕುರುವ ದ್ವೀಪದ ಪ್ರವಾಸಿ ಕೇಂದ್ರದ ನೌಕರರೊಬ್ಬರು ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಪ್ರವಾಸಿಗಳ ಬಿಡುವನ್ನು ಕಾಯುವುದೇ ಅವರ ಉದ್ಯೋಗವಾಗಿತ್ತು. ಸೇತುವೆ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವ ಅರ್ಹತೆ ನಮಗಿಲ್ಲ. ತೂಗುವಾಗ ಒಂದು ತಟ್ಟೆಯಲ್ಲಿ ನಿತ್ಯ ದಾಟುವವರು, ಇನ್ನೊಂದರಲ್ಲಿ ಮಾತು ಬಾರದ ಕಾಡು ಇರಲಿ. ನಮ್ಮ ವಿನೋದವನ್ನು ಯಾವ ತಟ್ಟೆಗೂ ಹಾಕದಿರುವುದು ನಮ್ಮಿಂದಾಗುವ ನ್ಯಾಯ.

ಮಂಜು ಕರಗಿದಾಗ ಒಂಬತ್ತು ದಾಟಿತ್ತು. ದೋಣಿಯಲ್ಲಿ ಮಕ್ಕಳು ಮೊದಲು ಹತ್ತಿದರು, ಆಮೇಲೆ ಕೂಲಿಯವರು. ಅಂಬಿಗ ನಮ್ಮನ್ನೂ ಕರೆದ. ಮುಂದಿನ ಸಲ ಬರುತ್ತೇವೆ ಎಂದೆವು. ಪದೇ ಪದೇ ದಡಕ್ಕೆ ಹೋಗುತ್ತಿದ್ದ ಆ ಹುಡುಗನನ್ನು, “ಮೇಷ್ಟ್ರು ಬೈಯುತ್ತಾರೇನಪ್ಪಾ?” ಎಂದು ಕೇಳಿದ್ದೆವು. “ಇಲ್ಲ ತಾತ. ಮಂಜು ಇದ್ದರೆ ಅವರೇ ಕಾಯುತ್ತಾರೆ. ಇವತ್ತು ಪರೀಕ್ಷೆ, ಅದಕ್ಕೆ” ಎಂದ. ಯಾವುದೋ ಶಾಲೆಯ ಯಾರೋ ಒಬ್ಬ ಉಪಾಧ್ಯಾಯರು, ನಾವು ಮೂವತ್ತೈದು ವರ್ಷದಲ್ಲಿ ಕಲಿಯದಿದ್ದುದನ್ನು ಕಲಿತಿದ್ದರು. ಅವರನ್ನು ನಾವು ನೋಡಲಿಲ್ಲ. 1978ರ ಆ ಹುಡುಗನ ಸುಳಿವೂ ಸಿಗಲಿಲ್ಲ. ನಲವತ್ತೇಳು ವರ್ಷದ ಮೇಲೆ ಹುಡುಕಿದರೆ ಸಿಗಲಿ ಎಂದು ಅಪೇಕ್ಷಿಸುವುದೂ ಒಂದು ಬಗೆಯ ದುರಾಸೆ. ಅವನು ಎಲ್ಲೇ ಇರಲಿ, ಈಗ ಅರವತ್ತರ ಹತ್ತಿರದ ವ್ಯಕ್ತಿ.

ಮರಳುವ ದಿನ ಇನ್ನೊಂದು ಪಾಠವಾಯಿತು. ಮಾನಂದವಾಡಿಯಲ್ಲಿ ಊಟ, ಚಹಾ, ಮಾತು ಎಂದು ಕಾಲ ಕಳೆದು ಬಾವಲಿಯ ಬಳಿ ಕಾಡಿನ ಗೇಟಿಗೆ ಬರುವಾಗ ಆರು ಗಂಟೆ ದಾಟಿ ಹತ್ತು ನಿಮಿಷವಾಗಿತ್ತು. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಆ ದಾರಿಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಅಂಗಡಿಯ ಮಿತ್ರರು ಕಾವಲಿನವರಲ್ಲಿ ವಯಸ್ಸಿನ ಮಾತು ಹೇಳಿ ನೋಡಿದರು. “ಹತ್ತು ನಿಮಿಷ ತಾನೇ?” ಎಂದರು. ಕಾವಲಿನವರು ಸೌಮ್ಯವಾಗಿಯೇ ಇಲ್ಲವೆಂದರು. ಅವರು ಮಾಡಿದ್ದು ಸರಿ. ಹಗಲೆಲ್ಲ ನಮಗೆ ದಾರಿ ಬಿಟ್ಟ ಪ್ರಾಣಿಗಳಿಗೆ ರಾತ್ರಿಯ ಹನ್ನೆರಡು ಗಂಟೆಗಳ ಬಿಡುವನ್ನು ಕೊಡುವ ಗೇಟು ಅದು. ತಡವಾಗಿ ಬಂದ ನಾಲ್ವರು ಮುದುಕರು ಹೊರಗೆ ನಿಂತೆವು. ಹೊರಗೆ ನಿಲ್ಲುವುದು ಹೇಗಿರುತ್ತದೆ ಎಂಬುದು ಮೊದಲ ಬಾರಿ ಅಲ್ಪಸ್ವಲ್ಪ ತಿಳಿಯಿತು. ಅಲ್ಪಸ್ವಲ್ಪ ಮಾತ್ರ, ನಮ್ಮ ಹಿಂದೆ ಮನೆಯೂ ಇತ್ತು, ಒಲೆಯೂ ಇತ್ತು.

ಸ್ವಲ್ಪ ಹಿಂದಕ್ಕೆ ಬಂದು ಊರಿನ ಬಳಿ ವಾಹನ ನಿಲ್ಲಿಸಿದೆವು. ಮಲಗುವ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಆರು ದಿನವೂ ಅದು ಕಣ್ಣೆದುರೇ ಇತ್ತು, ನಾವು ನೋಡಿರಲಿಲ್ಲ. ನಾಲ್ಕು ಹಲಗೆಗಳಲ್ಲಿ ನಾವು ನಾಲ್ವರು. ಚಾಲಕ ಹುಡುಗ ಪ್ರತಿ ರಾತ್ರಿ ಮುಂದಿನ ಸೀಟಿನಲ್ಲಿ ಮುದುಡಿಕೊಂಡು ಮಲಗುತ್ತಿದ್ದ. ಬೆಳಗ್ಗೆ ನಾವು ಏಳುವ ಮೊದಲೇ ಎದ್ದು ನೀರು ತುಂಬಿಸುತ್ತಿದ್ದ. ಅವನ ಬಿಡುವಿನ ಲೆಕ್ಕ ಯಾರ ಪುಸ್ತಕದಲ್ಲೂ ಇರಲಿಲ್ಲ. “ತಮ್ಮಾ, ಇವತ್ತು ನೀನು ಒಳಗೆ ಮಲಗು” ಎಂದೆವು. “ಬೇಡಿ ಮೇಷ್ಟ್ರೇ, ನನಗೆ ಅಭ್ಯಾಸ” ಎಂದ. ಅಭ್ಯಾಸವಾಗಿದೆ ಎಂಬುದೇ ನಮಗೆ ಕೇಳಲು ಕಷ್ಟವಾದ ಮಾತು. ಕೊನೆಗೆ ಒಪ್ಪಿದ. ಮುಂದಿನ ಸೀಟಿನಲ್ಲಿ ನಾವು ಕುಳಿತೆವು. ನಿದ್ದೆ ಸರಿಯಾಗಿ ಬರಲಿಲ್ಲ, ಬೆನ್ನು ನೋಯಿತು, ಚಳಿ ಕಿಟಕಿಯ ಸಂದಿನಿಂದ ಬರುತ್ತಿತ್ತು. ಇದರಿಂದ ಹಳೆಯ ಸಾಲವೇನೂ ತೀರಲಿಲ್ಲ. ಒಂದು ರಾತ್ರಿಯ ನಿದ್ದೆ ಒಬ್ಬನಿಗೆ ಸಿಕ್ಕಿತು, ಅಷ್ಟೇ.

ಬೆಳಗ್ಗೆ ಆರಕ್ಕೆ ಗೇಟು ತೆರೆಯಿತು. ಚಾಲಕ ಇನ್ನೂ ಗಾಢನಿದ್ದೆಯಲ್ಲಿದ್ದ. ಹಿಂದೆ ನಿಂತಿದ್ದ ವಾಹನಗಳಿಗೆ ದಾರಿ ಸಾಕಷ್ಟಿತ್ತು. ಅವು ಒಂದೊಂದಾಗಿ ಮುಂದೆ ಹೋದವು. ನಾವು ಅವನನ್ನು ಎಬ್ಬಿಸಲಿಲ್ಲ. ಅವನು ಎದ್ದದ್ದು ಏಳೂಕಾಲಿಗೆ. ಗಡಿಬಿಡಿಯಿಂದ, “ತಡವಾಯಿತು ಸಾರ್, ಕ್ಷಮಿಸಿ” ಎಂದ. ತಡವೇನೂ ಆಗಿಲ್ಲವೆಂದು ಹೇಳಿ ಚಹಾಕ್ಕೆ ನೀರಿಟ್ಟೆವು.